ತೊಟ್ಟಿಲು ತೂಗುವ ಕೈಗೂ ಒಂದು ಗಳಿಗೆ

ಗೃಹಸ್ಥರ ಬದುಕಿನಲ್ಲಿ ಮನೆಗೆ ಕೂಸು ಬರುವ ಗಳಿಗೆಯಷ್ಟು ಮಂಗಳಕರವಾದದ್ದು ಮತ್ತೊಂದಿಲ್ಲ. ತೊಟ್ಟಿಲು ಕಟ್ಟುತ್ತಾರೆ, ಓಣಿಗೆಲ್ಲ ಸಕ್ಕರೆ ಹಂಚುತ್ತಾರೆ, ಬಂಧು ಬಳಗ ಕೂಡುತ್ತದೆ. ಆದರೆ ಬೀಗರೆಲ್ಲ ಊರಿಗೆ ಹೋದ ಮೇಲೆ, ತೊಟ್ಟಿಲಿನ ಪಕ್ಕದಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದ ಮೇಲೆ, ಒಂದು ಪ್ರಶ್ನೆ ಮೆಲ್ಲನೆ ತಲೆ ಎತ್ತುತ್ತದೆ. ಇಷ್ಟು ದಿನ ಮನಸ್ಸಿಗೆ ಇಷ್ಟವಾದ ಕೆಲಸಕ್ಕೆಂದು ಇಟ್ಟುಕೊಂಡಿದ್ದ ಹೊತ್ತು ಇನ್ನು ಮೇಲೆ ಯಾರದು? ಈ ವಾರ ಆ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಕಳೆದ ಶ್ರಾವಣದ ಒಂದು ಸೋಮವಾರ ಪಕ್ಕದ ಹಳ್ಳಿಯ ಕುಟುಂಬವೊಂದು ಮಠಕ್ಕೆ ಬಂದಿತ್ತು. ಅಜ್ಜಿ, ಮಗ, ಸೊಸೆ, ಸೊಸೆಯ ತೊಡೆಯ ಮೇಲೆ ಐದು ತಿಂಗಳ ಹೆಣ್ಣು ಕೂಸು. ಮಗ ಪೇಟೆಯ ಬೀಜ ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಊರ ಭಜನಾ ಮಂಡಳಿಯಲ್ಲಿ ತಬಲಾ ನುಡಿಸುತ್ತಾನೆ. ಕೈ ಚೆನ್ನಾಗಿದೆ ಎಂಬುದನ್ನು ನಾವೇ ಕೇಳಿ ಬಲ್ಲೆವು. ಆಶೀರ್ವಾದವಾದ ಮೇಲೆ ಅಜ್ಜಿ ದೂರು ತೆಗೆದಳು. "ಅಜ್ಜಾರ, ಇವಗ ತಬಲಾ ಬಿಡಾಕ ಹೇಳ್ರಿ. ಮನ್ಯಾಗ ಸಣ್ಣ ಕೂಸೈತಿ. ವಾರದಾಗ ನಾಕು ರಾತ್ರಿ ಭಜನಿ ಅಂತ ಹೊಕ್ಕಾನ, ಹನ್ನೊಂದಕ್ಕ ಬರ್ತಾನ." ಮಗ ತಲೆ ತಗ್ಗಿಸಿ, "ಅದು ದೇವರ ಕೆಲಸ ಅಲ್ಲೇನ್ರಿ ಅಜ್ಜಾರ? ಕುಡಿಯಾಕ ಹೋಗಂಗಿಲ್ಲ, ಇಸ್ಪೀಟ್ ಆಡಾಕ ಹೋಗಂಗಿಲ್ಲ" ಎಂದ.

ನಾವು ಸೊಸೆಯ ಕಡೆಗೆ ನೋಡಿದೆವು. "ನೀ ಏನಂತಿ ತಂಗಿ?" ಎಂದು ಕೇಳಿದೆವು. ಆಕೆ ಕೂಸಿನ ಮುಖ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬಳಿಕ ಹೇಳಿದಳು: "ಬಿಡೂದು ಬ್ಯಾಡ್ರಿ ಅಜ್ಜಾರ. ಅವರ ಜೀವ ಅದರಾಗ ಐತಿ. ಆದ್ರ ಲಗ್ನದಾಗ ನಾನೂ ಒಂದು ಕಸೂತಿ ಡಬ್ಬಿ ತಂದಿದ್ನಿರಿ. ಈಗ ಅದು ಅಟ್ಟದ ಮ್ಯಾಲ ಐತಿ. ಅದನ್ನ ಯಾರೂ ಕೇಳಂಗಿಲ್ಲ."

ಆ ಮಾತಿಗೆ ಅಜ್ಜಿಯ ಬಳಿ ಉತ್ತರವಿರಲಿಲ್ಲ. ಮಗನ ಬಳಿಯೂ ಇರಲಿಲ್ಲ. ನಿಜ ಹೇಳಬೇಕೆಂದರೆ ನಮ್ಮ ಬಳಿಯೂ ಒಮ್ಮೆಲೆ ಇರಲಿಲ್ಲ. ದೂರು ತಂದವಳು ಅತ್ತೆ, ದೂರಿಗೆ ಗುರಿಯಾದವನು ಮಗ. ಆದರೆ ಏನನ್ನೋ ನಿಜವಾಗಿ ಕಳೆದುಕೊಂಡವಳು ಬಾಯಿ ತೆರೆಯದೆ ಕುಳಿತ ಸೊಸೆ.

ಸಂಸಾರ ಕಟ್ಟಿಕೊಳ್ಳದ ಕಾವಿಯವರು ಸಂಸಾರಿಗಳಿಗೆ ಬುದ್ಧಿ ಹೇಳುವುದೇ ಎಂದು ಓದುಗರು ಕೇಳಬಹುದು. ಕೇಳುವುದು ನ್ಯಾಯವೇ. ರಾತ್ರಿ ಎರಡು ಗಂಟೆಗೆ ಅಳುವ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ನಾವು ಪಡಸಾಲೆಯಲ್ಲಿ ಅಡ್ಡಾಡಿದವರಲ್ಲ. ಆದರೆ ಮಠದ ಬಾಗಿಲಿಗೆ ಬರುವವರಲ್ಲಿ ಅತ್ತೆಯೂ ಇರುತ್ತಾಳೆ, ಸೊಸೆಯೂ ಇರುತ್ತಾಳೆ, ಮಗನೂ ಇರುತ್ತಾನೆ. ಒಬ್ಬರಿಗೊಬ್ಬರು ಮನೆಯಲ್ಲಿ ಹೇಳಿಕೊಳ್ಳಲಾರದ್ದನ್ನು ಇಲ್ಲಿ ಬಂದು ಹೇಳುತ್ತಾರೆ. ಮೂವರ ಮಾತನ್ನೂ ಕೇಳಿದ ಬಲದಿಂದಲೇ ಇದನ್ನು ಬರೆಯುತ್ತಿದ್ದೇವೆ.

ಮೊದಲು ಹವ್ಯಾಸವೆಂದರೇನು ಎಂಬುದನ್ನು ತಿಳಿಯೋಣ. ಹೊಟ್ಟೆಪಾಡಿಗಾಗಿ ಮಾಡುವುದು ಉದ್ಯೋಗ. ಯಾರ ಒತ್ತಾಯವೂ ಇಲ್ಲದೆ, ಕೂಲಿಯ ಆಸೆಯೂ ಇಲ್ಲದೆ, ಮನಸ್ಸು ತಾನಾಗಿ ಒಲಿದು ಮಾಡುವುದು ಹವ್ಯಾಸ. ನಮ್ಮ ಭಾಗದ ಹಳ್ಳಿಗಳಲ್ಲಿ ಇದಕ್ಕೆ ಎಂದೂ ಬರವಿರಲಿಲ್ಲ. ಗರಡಿಮನೆಯ ಸಾಮು, ಸೋಮವಾರದ ಭಜನೆ, ಜಾತ್ರೆಯ ನಾಟಕದ ತಾಲೀಮು, ಸಂಜೆಯ ವಾಲಿಬಾಲ್, ಹೆಣ್ಣುಮಕ್ಕಳ ಕಸೂತಿ, ಕೌದಿ, ರಂಗೋಲಿ, ಬೀಸುವಾಗಿನ ಹಾಡು, ಇವೆಲ್ಲ ಬದುಕಿನ ಭಾರವನ್ನು ಹಗುರ ಮಾಡಿದವು. ದಿನವಿಡೀ ನೊಗ ಹೊತ್ತ ಎತ್ತನ್ನು ಸಂಜೆ ಕೊಳ್ಳು ಹರಿದು ಮೇಯಲು ಬಿಡದಿದ್ದರೆ ಅದು ಮರುದಿನ ಹೊಲಕ್ಕೆ ಬರುವುದಿಲ್ಲ. ಮನುಷ್ಯನ ಮನಸ್ಸೂ ಹಾಗೆಯೇ.

ಆದರೆ ಹವ್ಯಾಸ ಬೇರೆ, ಚಟ ಬೇರೆ. ಇವೆರಡನ್ನು ಅಳೆಯಲು ಒಂದು ಸರಳವಾದ ಅಳತೆಗೋಲಿದೆ. ಅದನ್ನು ಮಾಡಿ ಮನೆಗೆ ಬಂದವನು ತುಂಬಿಕೊಂಡು ಬರುತ್ತಾನೋ, ಬರಿದಾಗಿ ಬರುತ್ತಾನೋ ನೋಡಬೇಕು. ತಬಲಾ ನುಡಿಸಿ ಬಂದವನು ನಗುನಗುತ್ತ ಕೂಸನ್ನು ಎತ್ತಿಕೊಂಡರೆ ಅದು ಹವ್ಯಾಸ. ನುಡಿಸಿ ಬಂದವನು ಸಿಡುಕಿ ಮುಸುಕು ಹಾಕಿಕೊಂಡು ಮಲಗಿದರೆ ತಬಲಾ ಕೂಡ ಚಟವಾಗಿದೆ ಎಂದೇ ತಿಳಿಯಬೇಕು. ಇಂದು ಎಲ್ಲರ ಕೈಯಲ್ಲೂ ಇರುವ ಮೊಬೈಲನ್ನು ಇದೇ ಅಳತೆಗೋಲಿನಿಂದ ಅಳೆದು ನೋಡಿರಿ. ಹಾಲುಣಿಸುವ ತಾಯಿಯ ಪಕ್ಕದಲ್ಲಿ ಕುಳಿತು ಬೆರಳಾಡಿಸುತ್ತ ಒಂದು ತಾಸು ಕಳೆದ ಗಂಡನಿಗೆ ತಾನು ನೋಡಿದ್ದು ಏನೆಂದು ಕೇಳಿದರೆ ಹೇಳಲು ಬರುವುದಿಲ್ಲ. ಅದು ಕಲಿಕೆಯೂ ಅಲ್ಲ, ವಿಶ್ರಾಂತಿಯೂ ಅಲ್ಲ. ಹೊತ್ತು ಸಿಗುವುದಿಲ್ಲ ಎನ್ನುವ ಮನೆಗಳಲ್ಲಿ ಹೊತ್ತು ಸೋರಿಹೋಗುವ ಮೊದಲ ಬಿರುಕು ಇದೇ.

ಇನ್ನು ಕೂಸಿನ ಲೆಕ್ಕಕ್ಕೆ ಬರೋಣ. ಆಗತಾನೆ ಹುಟ್ಟಿದ ಶಿಶುವಿಗೆ ಹಗಲು ರಾತ್ರಿ ಸೇರಿ 8ರಿಂದ 12 ಸಲ ಎದೆಹಾಲು ಬೇಕು. ಮೊದಲ 6 ತಿಂಗಳು ಎದೆಹಾಲಿನ ಹೊರತು ಬೇರೇನನ್ನೂ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಸಲಕ್ಕೆ ಅರ್ಧ ತಾಸು ಹಿಡಿದರೂ ಹಾಲುಣಿಸುವುದಕ್ಕೇ ದಿನಕ್ಕೆ 4ರಿಂದ 6 ತಾಸು ಆಯಿತು. ಬಳಿಕ ತೇಗಿಸಬೇಕು, ಬಟ್ಟೆ ಬದಲಿಸಬೇಕು, ಒಗೆಯಬೇಕು, ಎರೆಯಬೇಕು, ತೂಗಬೇಕು. ಇದರಲ್ಲಿ ಅರ್ಧ ಕೆಲಸ ರಾತ್ರಿಯೇ ಬರುತ್ತದೆ. ಮೊದಲೇ 24 ತಾಸು ತುಂಬಿದ್ದ ದಿನಕ್ಕೆ ಈ ಹೊಸ ತಾಸುಗಳು ಎಲ್ಲಿಂದ ಬಂದವು? ಆಕಾಶದಿಂದ ಉದುರಲಿಲ್ಲ. ತಾಯಿಯ ನಿದ್ದೆಯಿಂದ ಬಂದವು, ಆಕೆಯ ಊಟದ ಹೊತ್ತಿನಿಂದ ಬಂದವು, ಆಕೆಯ ಕಸೂತಿ ಡಬ್ಬಿಯಿಂದ ಬಂದವು.

ಅಂಗಡಿಯಲ್ಲಿ ಲೆಕ್ಕ ಬರೆಯುವ ಆ ಹುಡುಗನಿಗೆ ನಾವು ಇದನ್ನೇ ಕೇಳಿದೆವು. "ಖಿರ್ದಿಯಲ್ಲಿ ಒಂದು ಕಡೆ ಜಮಾ ಆದರೆ ಮತ್ತೊಂದು ಕಡೆ ಖರ್ಚು ಬೀಳಲೇಬೇಕಲ್ಲ. ಕೂಸು ಹುಟ್ಟುವ ಮೊದಲು ವಾರಕ್ಕೆ ನಾಲ್ಕು ರಾತ್ರಿ ನಿನ್ನ ಭಜನೆಗೆ ಜಮಾ ಇತ್ತು. ಹುಟ್ಟಿದ ಮೇಲೂ ನಾಲ್ಕೇ ಇದೆ. ಹಾಗಾದರೆ ಆ ನಾಲ್ಕು ರಾತ್ರಿ ಯಾರ ಹೆಸರಿಗೆ ಖರ್ಚು ಬಿದ್ದಿದೆ?" ಅವನು ಲೆಕ್ಕ ಬಲ್ಲವನು, ಉತ್ತರ ಹೇಳಬೇಕಾಗಲಿಲ್ಲ.

ಶರಣರ ಬದುಕಿನಲ್ಲಿ ಇದಕ್ಕೆ ಹೊಂದುವ ಒಂದು ಪ್ರಸಂಗವಿದೆ. 12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ದಂಪತಿಗಳಿದ್ದರು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಿಂದಲೇ ಅವರ ದಾಸೋಹ. ಪರಂಪರೆಯಲ್ಲಿ ಬಂದ ಕಥೆಯಂತೆ ಒಮ್ಮೆ ಮಾರಯ್ಯ ಶರಣರ ಗೋಷ್ಠಿಯಲ್ಲಿ ಮೈಮರೆತು ಕುಳಿತುಬಿಟ್ಟ. ಕಾಯಕದ ಹೊತ್ತು ಮೀರಿತು. ಆಗ ಅವನನ್ನು ಎಚ್ಚರಿಸಿ ಕೆಲಸಕ್ಕೆ ಕಳಿಸಿದವಳು ಲಕ್ಕಮ್ಮ. ಮಾರಯ್ಯ ಹೋಗಿ ಕುಳಿತದ್ದು ಜೂಜುಕಟ್ಟೆಯಲ್ಲಲ್ಲ ಎಂಬುದನ್ನು ನೆನಪಿಡಬೇಕು. ಅವನಿದ್ದದ್ದು ಶರಣರ ಸಂಗದಲ್ಲಿ. ಅದಕ್ಕಿಂತ ಒಳ್ಳೆಯ ಜಾಗವುಂಟೇ? ಆದರೂ ಹೊತ್ತು ಮೀರಿದರೆ ಒಳ್ಳೆಯದೂ ತಪ್ಪಾಗುತ್ತದೆಂದು ಆ ತಾಯಿ ಕಂಡಳು. ಇನ್ನೊಮ್ಮೆ ಮಾರಯ್ಯ ದಿನಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಮರಳಿ ಹಾಕಿ ಬರುವಂತೆ ಹೇಳಿದವಳೂ ಅವಳೇ.

ಈ ಎರಡೂ ಕಥೆಗಳು ಕೂಸಿನ ಮನೆಗೆ ಒಪ್ಪುತ್ತವೆ. "ದೇವರ ಕೆಲಸ ಅಲ್ಲೇನ್ರಿ" ಎಂದ ಹುಡುಗನಿಗೆ ಮೊದಲ ಕಥೆಯೇ ಉತ್ತರ. ಭಜನೆ ಒಳ್ಳೆಯದೇ, ಆದರೆ ಒಳ್ಳೆಯದೆಂಬ ಕಾರಣಕ್ಕೆ ಅದಕ್ಕೆ ಮಿತಿ ಬೇಡವೆಂದಲ್ಲ. ಎರಡನೆಯ ಕಥೆಯಲ್ಲಿ ಅಕ್ಕಿಯ ಜಾಗದಲ್ಲಿ ಹೊತ್ತನ್ನು ಇಟ್ಟು ನೋಡಿರಿ. ಒಬ್ಬನು ತನ್ನ ಪಾಲಿಗಿಂತ ಹೆಚ್ಚು ಹೊತ್ತನ್ನು ಮಡಿಲಿಗೆ ಹಾಕಿಕೊಂಡರೆ ಆ ಹೆಚ್ಚಳ ಮತ್ತೊಬ್ಬರ ತಟ್ಟೆಯಿಂದಲೇ ಬಂದಿರುತ್ತದೆ. ಅದನ್ನು ಮರಳಿ ಹಾಕುವುದು ತ್ಯಾಗವಲ್ಲ, ಋಣ ತೀರಿಸಿದಂತೆ.

ಹೆಣ್ಣುಮಕ್ಕಳ ಹವ್ಯಾಸಕ್ಕೂ ಕೂಸಿಗೂ ವೈರವಿದೆಯೇ? ನಮ್ಮ ಹಿರಿಯರ ಮನೆಗಳಲ್ಲಿ ಇರಲಿಲ್ಲ. ಧಾರವಾಡ ಸೀಮೆಯ ಕಸೂತಿಯನ್ನೇ ನೋಡಿರಿ. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆ. ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಸೂಜಿ ಹಾಕಬೇಕು. ಗಂಟು ಕಾಣುವಂತಿಲ್ಲ. ಗವಂತಿಯಲ್ಲಿ ಬಟ್ಟೆಯ ಮೇಲ್ಮಗ್ಗುಲೂ ಒಳಮಗ್ಗುಲೂ ಒಂದೇ ಸಮನಾಗಿ ಕಾಣಬೇಕು. ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆ, ತೊಟ್ಟಿಲು ಎಲ್ಲವೂ ಇಳಕಲ್ಲ ಸೀರೆಯ ಮೇಲೆ ಮೂಡುತ್ತಿದ್ದವು. ಅದೇ ಕಸೂತಿ ಹುಟ್ಟುವ ಕೂಸಿನ ಕುಂಚಿಗೆಯ ಮೇಲೂ ಮೂಡುತ್ತಿತ್ತು. ಅಜ್ಜಿಯ ಹಳೆಯ ಸೀರೆ, ಅಜ್ಜನ ಹಳೆಯ ಧೋತರ ಪದರು ಪದರಾಗಿ ಸೇರಿ ಕೂಸಿನ ಕೌದಿಯಾಗುತ್ತಿತ್ತು. ಕಲಘಟಗಿಯ ಬಣ್ಣದ ತೊಟ್ಟಿಲನ್ನು ಬಡಿಗ ಮಾಡಿಕೊಟ್ಟರೆ, ಅದರೊಳಗೆ ಹಾಸುವುದು ಹೊದಿಸುವುದು ಮನೆಯ ಹೆಣ್ಣುಮಕ್ಕಳ ಕೈಯಿಂದ ಬರುತ್ತಿತ್ತು. ನಾಲ್ಕು ಜನ ಕೂಡಿ ಕುಳಿತು ಹೊಲಿಯುವಾಗ ಮಾತೂ ಇತ್ತು, ಹಾಡೂ ಇತ್ತು, ಚೊಚ್ಚಲ ಬಸುರಿಯ ಮನಸ್ಸಿನ ಅಂಜಿಕೆಯೂ ಅಲ್ಲಿ ಇಳಿಯುತ್ತಿತ್ತು.

ಇಂದು ಕುಂಚಿಗೆ ಅಂಗಡಿಯಿಂದ ಬರುತ್ತದೆ, ಕೌದಿಯ ಬದಲು ಕಂಬಳಿ ಬರುತ್ತದೆ. ಬರಲಿ, ತಪ್ಪಿಲ್ಲ. ಆದರೆ ಆ ಹೊಲಿಗೆಯ ನೆವದಲ್ಲಿ ಹೆಣ್ಣುಮಗಳಿಗೆ ಸಿಗುತ್ತಿದ್ದ ಹೊತ್ತು ಎಲ್ಲಿ ಹೋಯಿತು? ಅದರ ಬದಲಿಗೆ ಏನನ್ನೂ ನಾವು ಕೊಡಲಿಲ್ಲ. ಹಾಡುವವಳು ಹಾಡು ಬಿಟ್ಟಳು, ಓದುವವಳು ಪುಸ್ತಕ ಮುಚ್ಚಿಟ್ಟಳು, ಕೊಕ್ಕೊ ಆಡುತ್ತಿದ್ದವಳು ತಾನು ಆಡುತ್ತಿದ್ದುದನ್ನೇ ಮರೆತಳು. ಯಾರೂ ಬಿಡು ಎಂದು ಹೇಳಲಿಲ್ಲ. ಆದರೆ ಹಿಡಿದುಕೋ ಎಂದೂ ಯಾರೂ ಹೇಳಲಿಲ್ಲ. ಗಂಡಸಿನ ಹವ್ಯಾಸ ಬಿಡಿಸಬೇಕಾದರೆ ಮಠಕ್ಕೆ ಬಂದು ದೂರು ಕೊಡಬೇಕು. ಹೆಂಗಸಿನ ಹವ್ಯಾಸ ಸದ್ದಿಲ್ಲದೆ ಅಟ್ಟ ಹತ್ತುತ್ತದೆ. ನಮ್ಮ ಮನಸ್ಸನ್ನು ಕಲಕಿದ್ದು ಈ ವ್ಯತ್ಯಾಸವೇ.

ಇಲ್ಲಿ ಬಾಣಂತನದ ಪದ್ಧತಿಯ ಬಗೆಗೂ ಒಂದು ಮಾತು ಹೇಳಬೇಕು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಹೋಗುತ್ತಾಳೆ. ಮೂರು ತಿಂಗಳೋ ಐದು ತಿಂಗಳೋ ಅಲ್ಲಿಯೇ ಇರುತ್ತಾಳೆ. ಬಿಸಿನೀರಿನ ಎರಕ, ಲೋಬಾನದ ಹೊಗೆ, ಅಂಟಿನುಂಡೆ, ಅಳವಿ ಪಾಯಸ, ತಾಯಿಯ ಆರೈಕೆ ಎಲ್ಲ ಸಿಗುತ್ತದೆ. ಹೊಗೆಯನ್ನು ಮಾತ್ರ ಕೂಸಿನಿಂದ ದೂರವಿಟ್ಟರೆ ಒಳ್ಳೆಯದು. ಈ ಪದ್ಧತಿ ಬಾಣಂತಿಗೆ ದೊಡ್ಡ ಆಸರೆ, ಅದನ್ನು ನಾವು ಹಳಿಯುವುದಿಲ್ಲ. ಆದರೆ ಇದರಲ್ಲಿ ಒಂದು ಕೊರತೆಯಿದೆ. ಆ ತಿಂಗಳುಗಳಲ್ಲಿ ಗಂಡ ಬೀಗನಂತೆ ರವಿವಾರ ಬಂದು, ಕೂಸಿನ ಮುಖ ನೋಡಿ, ಹೋಳಿಗೆ ಉಂಡು ಹೋಗುತ್ತಾನೆ. ಅವನ ದಿನಚರಿ ಒಂದು ಗಳಿಗೆಯೂ ಅಲುಗುವುದಿಲ್ಲ. ಹೆಂಡತಿ ಕೂಸಿನೊಡನೆ ಮನೆಗೆ ಮರಳಿದಾಗ ಅವಳು ನುರಿತ ತಾಯಿಯಾಗಿರುತ್ತಾಳೆ, ಅವನು ಇನ್ನೂ ಹೊಸಬನೇ. ಕೂಸನ್ನು ಎತ್ತಲು ಅಂಜುತ್ತಾನೆ. ಅಂಜುವವನ ಕೈಯಲ್ಲಿ ಕೂಸು ಅಳುತ್ತದೆ. ಅತ್ತ ಕೂಡಲೇ "ಕೊಡಿಲ್ಲಿ" ಎಂದು ಹೆಂಗಸರು ಕಸಿದುಕೊಳ್ಳುತ್ತಾರೆ. ಅವನು ಹಾಯಾಗಿ ತಬಲಾ ಚೀಲ ಹೆಗಲಿಗೇರಿಸುತ್ತಾನೆ. ತಪ್ಪು ಅವನೊಬ್ಬನದೇ ಅಲ್ಲ. ಅವನಿಗೆ ಕಲಿಸದ ನಮ್ಮೆಲ್ಲರದು.

ಸರ್ಕಾರವೂ ತನ್ನ ಮಟ್ಟಿಗೆ ಈ ಹೊತ್ತಿನ ಬೆಲೆ ತಿಳಿದಿದೆ. ಸಂಘಟಿತ ಉದ್ಯೋಗದಲ್ಲಿರುವ ತಾಯಂದಿರಿಗೆ ಮೊದಲೆರಡು ಹೆರಿಗೆಗಳಿಗೆ ವೇತನ ಸಹಿತ ರಜೆಯನ್ನು 2017ರಲ್ಲಿ 12 ವಾರದಿಂದ 26 ವಾರಕ್ಕೆ ಏರಿಸಲಾಯಿತು. ಕೇಂದ್ರ ಸರ್ಕಾರದ ಪುರುಷ ನೌಕರರಿಗೆ ಇರುವ ಪಿತೃತ್ವ ರಜೆ 15 ದಿನ. ತಾಯಿಗೆ ಅರ್ಧ ವರ್ಷ, ತಂದೆಗೆ ಅರ್ಧ ತಿಂಗಳು! ರೈತನಿಗೆ, ಕೂಲಿಯವನಿಗೆ, ಅಂಗಡಿಯ ಗುಮಾಸ್ತನಿಗೆ ಬಹುಮಟ್ಟಿಗೆ ಅದೂ ಇಲ್ಲ. ಆದುದರಿಂದ ಈ ಹಂಚಿಕೆಯನ್ನು ಕಾನೂನು ಮಾಡಿಕೊಡಲೆಂದು ಕಾಯುತ್ತ ಕೂಡುವಂತಿಲ್ಲ. ಮನೆಯವರೇ ಕುಳಿತು ಮಾಡಿಕೊಳ್ಳಬೇಕು.

ಇದರಲ್ಲಿ ಆರೋಗ್ಯದ ಮಾತೂ ಇದೆ. ಹೆರಿಗೆಯಾದ ಮೊದಲ ಒಂದೆರಡು ವಾರ ಬಾಣಂತಿಗೆ ಕಾರಣವಿಲ್ಲದೆ ಕಣ್ಣೀರು ಬರುವುದು, ಮನಸ್ಸು ಭಾರವಾಗುವುದು ಸಾಮಾನ್ಯ. ತಾನಾಗಿ ಇಳಿಯುತ್ತದೆ. ಆದರೆ ಅದು ಎರಡು ವಾರ ಮೀರಿಯೂ ಉಳಿದರೆ, ಕೂಸು ಮಲಗಿದರೂ ತಾಯಿಗೆ ನಿದ್ದೆ ಬಾರದಿದ್ದರೆ, ಕೂಸಿನ ಮೇಲೂ ಬದುಕಿನ ಮೇಲೂ ಬೇಸರ ಬಂದರೆ, ಅದು ಕಾಯಿಲೆ. ಜಗತ್ತಿನಲ್ಲಿ ಹೆರಿಗೆಯಾದ ನೂರು ತಾಯಂದಿರಲ್ಲಿ ಸುಮಾರು 13 ಮಂದಿ ಖಿನ್ನತೆಯಂಥ ಮನೋವ್ಯಾಧಿಗೆ ಒಳಗಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಭಿವೃದ್ಧಿಶೀಲ ದೇಶಗಳಲ್ಲಿ ಈ ಸಂಖ್ಯೆ ಸುಮಾರು 20. ಇದನ್ನು ಸೊಕ್ಕು ಎನ್ನಬೇಡಿ, ಸೋಮಾರಿತನ ಎನ್ನಬೇಡಿ, ಗಾಳಿ ಬಡಿದಿದೆ ಎಂದು ತಾಯಿತ ಕಟ್ಟಿಸಿ ಸುಮ್ಮನಾಗಬೇಡಿ. ವೈದ್ಯರ ಬಳಿಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಟೆಲಿಮಾನಸ್ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲಿಯೇ ಮಾತನಾಡಬಹುದು. ಕಸೂತಿಯಾಗಲಿ ಹಾಡಾಗಲಿ ಈ ಕಾಯಿಲೆಗೆ ಔಷಧವಲ್ಲ. ಆದರೆ ಕಾಯಿಲೆಯಲ್ಲದ ದಿನನಿತ್ಯದ ದಣಿವಿಗೆ, ನಾನು ಬರೀ ಹಾಲುಣಿಸುವ ಯಂತ್ರವೇ ಎಂಬ ಒಳಗಿನ ಕೊರಗಿಗೆ, ತನ್ನದೇ ಆದ ಒಂದು ಗಳಿಗೆ ದೊಡ್ಡ ಆಸರೆ.

ತಾಯಿಯಾದವಳು ಎಲ್ಲವನ್ನೂ ಬಿಡಬೇಕು, ಅದೇ ಅವಳ ಧರ್ಮ ಎನ್ನುವ ಹಿರಿಯರಿದ್ದಾರೆ. ಅವರ ಮಾತಿನಲ್ಲಿ ಕೂಸಿನ ಮೇಲಿನ ಕಾಳಜಿಯಿದೆ, ಅದನ್ನು ಗೌರವಿಸುತ್ತೇವೆ. ಆದರೆ ಎಲ್ಲವನ್ನೂ ಬಿಟ್ಟವಳು ಕೂಸಿಗೆ ಕೊಡಲು ಏನನ್ನು ಉಳಿಸಿಕೊಂಡಾಳು? ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರನ್ನು ನೆನೆಯಿರಿ. 1913ರಲ್ಲಿ ಹುಟ್ಟಿದ ಅವರು ಮಕ್ಕಳ ತಾಯಿಯಾದ ಮೇಲೂ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಂಡರು. ಅವರದು ಹವ್ಯಾಸವಲ್ಲ, ಜೀವನವೇ ಆಗಿತ್ತು ಎಂಬುದು ನಿಜ. ಆದರೂ ಮುಂದೆ ಮಗಳು ಕೃಷ್ಣಾ ತಾಯಿಯ ಪಕ್ಕದಲ್ಲಿ ಕುಳಿತು ದನಿಗೂಡಿಸಿ ಹಾಡಿದಾಗ, ತಾಯಿಯ ಅಭ್ಯಾಸ ಮಕ್ಕಳಿಗೆ ನಷ್ಟವೆಂದು ಯಾರು ಹೇಳಬಲ್ಲರು? ತಾಯಿ ಒಲಿದು ಮಾಡುವುದನ್ನು ಕಂಡ ಮಗು ಒಲಿದು ಮಾಡುವುದನ್ನೇ ಕಲಿಯುತ್ತದೆ.

ಇನ್ನೊಂದು ಕಡೆ, ಕೂಸು ಬಂದರೇನು, ನನ್ನ ಹೊತ್ತು ನನ್ನ ಹಕ್ಕು ಎನ್ನುವ ಹೊಸಬರಿದ್ದಾರೆ. ಅವರದೂ ಅರ್ಧ ಸತ್ಯ. ಮೊದಲ ನಲವತ್ತು ದಿನ ಹವ್ಯಾಸದ ಮಾತೇ ಬೇಡ, ಇಬ್ಬರಿಗೂ ಬೇಡ. ಆಮೇಲೂ ಕೂಸಿಗೆ ಜ್ವರ ಬಂದ ವಾರ, ಹಲ್ಲು ಬರುವ ವಾರ, ಏನೂ ನಡೆಯುವುದಿಲ್ಲ. ಒಪ್ಪಿಕೊಳ್ಳಬೇಕು. ಹವ್ಯಾಸವನ್ನು ಕೊಲ್ಲುವುದು ಬೇಡ, ಚಿಕ್ಕದು ಮಾಡಿಕೊಂಡರಾಯಿತು. ಹಿರಿಯರ ಲೆಕ್ಕದಲ್ಲಿ ಒಂದು ದಿನಕ್ಕೆ 60 ಗಳಿಗೆ, ಒಂದು ಗಳಿಗೆಗೆ 24 ನಿಮಿಷ. ಅರವತ್ತರಲ್ಲಿ ಒಂದು ತಂದೆಗೆ, ಒಂದು ತಾಯಿಗೆ ಇರಲಿ. ಉಳಿದ ಐವತ್ತೆಂಟು ಕೂಸಿಗೂ ಕಾಯಕಕ್ಕೂ ನಿದ್ದೆಗೂ ಇದ್ದೇ ಇವೆ. ಹಣದ ಮಾತೂ ಹಾಗೆಯೇ. ಕೂಸಿನ ಲಸಿಕೆ, ಬಾಣಂತಿಯ ಪಥ್ಯ ಇವುಗಳ ಖರ್ಚು ಮುಗಿಯುವ ಮೊದಲು ಹೊಸ ಕ್ಯಾಮೆರಾ, ಹೊಸ ಹಾರ್ಮೋನಿಯಂ ಕೊಳ್ಳುವುದು ಹವ್ಯಾಸವಲ್ಲ, ಹಟ.

ಆ ದಂಪತಿಗಳಿಗೆ ನಾವು ಹೇಳಿದ್ದು ಇಷ್ಟೇ. ಭಜನೆ ಬಿಡಬೇಡ, ಆದರೆ ನಾಲ್ಕು ರಾತ್ರಿಯನ್ನು ಒಂದು ಮಾಡಿಕೋ. ಸೋಮವಾರ ಒಂದೇ ಸಾಕು. ಉಳಿದ ಮೂರರಲ್ಲಿ ಒಂದು ಕೂಸಿಗೆ, ಒಂದು ನಿನ್ನ ನಿದ್ದೆಗೆ, ಒಂದು ಇವಳ ಡಬ್ಬಿಗೆ. ಅವಳ ಸಂಜೆ ಬಂದಾಗ ಕೂಸಿಗೆ ಹಾಲು ಆದ ಕೂಡಲೇ ನೀನು ಎತ್ತಿಕೊಳ್ಳಬೇಕು. ಎತ್ತಿಕೊಳ್ಳುವುದೆಂದರೆ ಪೂರ್ತಿ ಎತ್ತಿಕೊಳ್ಳುವುದು. ಹತ್ತು ನಿಮಿಷಕ್ಕೊಮ್ಮೆ "ಅಳಾಕತ್ತಾಳ ನೋಡು" ಎಂದು ಕೂಗಿದರೆ ಅದು ಹೊತ್ತು ಕೊಟ್ಟಂತಲ್ಲ, ಕೊಟ್ಟು ಕಸಿದುಕೊಂಡಂತೆ. ಒದ್ದೆಯಾದರೆ ಬದಲಿಸು, ಅತ್ತರೆ ಹೆಗಲಿಗೆ ಹಾಕಿಕೋ. ಅವಳಿಗೂ ಹೇಳಿದೆವು: ಅವನು ಬಟ್ಟೆಯನ್ನು ಸೊಟ್ಟಗೆ ಕಟ್ಟಿದರೂ ಎದ್ದು ಹೋಗಿ ಸರಿಪಡಿಸಬೇಡ. ಸೂಜಿಗಳನ್ನು ಮಾತ್ರ ಎಣಿಸಿ ಎತ್ತರದಲ್ಲಿಡು.

ಅಜ್ಜಿ ತಕರಾರು ತೆಗೆದಳು. "ಗಂಡಸು ಕೂಸಿನ ಅರಬಿ ಬದಲಿಸೋದು ನಮ್ಮ ಓಣ್ಯಾಗ ಎಲ್ಲೂ ಇಲ್ರಿ ಅಜ್ಜಾರ, ನಕ್ಕಾರು." ನಾವೆಂದೆವು: "ನಗಲಿ ಬಿಡವ್ವ. ಎತ್ತಿನ ಮೈ ತೊಳೆಯೋ ಕೈ ಮಗಳ ಮೈ ತೊಳೆದರ ಏನು ಕಡಿಮಿ ಆದೀತು? ಒಳಗ ಕುಂತು ನಿನ್ನ ಸೊಸಿ ಅಳೂದಕ್ಕಿಂತ ಹೊರಗಿನವರು ನಗೂದು ಚಲೋ." ಅಜ್ಜಿಯೂ ನಕ್ಕಳು. ಹೋಗುವಾಗ, ತಾನು ಬಾಣಂತಿಯಾಗಿದ್ದಾಗ ಬೀಸುವ ಹಾಡು ಹಾಡುತ್ತಿದ್ದೆನೆಂದೂ, ಈಗ ಒಂದೂ ನೆನಪಾಗುವುದಿಲ್ಲವೆಂದೂ ತಾನಾಗಿಯೇ ಹೇಳಿದಳು. ಆ ಮಾತು ನಮ್ಮಲ್ಲಿ ಇನ್ನೂ ಉಳಿದಿದೆ. ಅಟ್ಟದ ಮೇಲೆ ಒಂದೇ ಡಬ್ಬಿ ಇರಲಿಲ್ಲ.

ಶಿವರಾತ್ರಿಯ ಹೊತ್ತಿಗೆ ಅವರು ಮತ್ತೆ ಬಂದಿದ್ದರು. ಎಲ್ಲವೂ ನಾವು ಹೇಳಿದಂತೆ ನಡೆದಿರಲಿಲ್ಲ. ಸುಗ್ಗಿಯಲ್ಲಿ ಅಂಗಡಿಯ ಕೆಲಸ ಹೆಚ್ಚಾಗಿ ಮೂರು ವಾರ ತಪ್ಪಿತಂತೆ, ಕೂಸಿಗೆ ಕೆಮ್ಮಾಗಿ ಎರಡು ವಾರ ತಪ್ಪಿತಂತೆ. ಆದರೂ ಸೊಸೆ ಚೀಲದಿಂದ ಒಂದು ಕುಂಚಿಗೆ ತೆಗೆದು ತೋರಿಸಿದಳು. ಕೆಂಪು ಖಣದ ಮೇಲೆ ಬಿಳಿ ಎಳೆಯಲ್ಲಿ ಸಾಲು ಆನೆ. ಕೆಲಸ ಮುಗಿಯುವಷ್ಟರಲ್ಲಿ ಮಗಳ ತಲೆ ದೊಡ್ಡದಾಗಿ ಕುಂಚಿಗೆ ಹಿಡಿಸದಂತಾಗಿತ್ತು! "ಇರಲಿ ಬಿಡ್ರಿ, ನಾದಿನಿಗೆ ದಿನ ತುಂಬ್ಯಾವ, ಆಕಿ ಕೂಸಿಗೆ ಆಕ್ಕೈತಿ" ಎಂದಳು. ಗಂಡ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ಅಂಗೈಯಿಂದಲೇ ನೆಲದ ಮೇಲೆ ಕೇರವಾ ತಾಳ ಬಡಿಸುತ್ತಿದ್ದ. ಕೂಸು ತಪ್ಪದೆ ನಗುತ್ತಿತ್ತು. ತಾಳ ಮಾತ್ರ ತಪ್ಪುತ್ತಿತ್ತು.

ಓದುವ ತಂದೆಯರಲ್ಲಿ ನಮ್ಮದು ಒಂದೇ ಕೋರಿಕೆ. ನಿಮ್ಮ ತಬಲಾ, ನಿಮ್ಮ ಚೆಂಡು, ನಿಮ್ಮ ಪುಸ್ತಕ ನಿಮಗಿರಲಿ. ಆದರೆ ಇಂದು ಸಂಜೆ ಮನೆಯಿಂದ ಹೊರಡುವ ಮೊದಲು ಒಮ್ಮೆ ಅಟ್ಟದ ಮೇಲೆ ನೋಡಿರಿ. ಅಲ್ಲಿ ಯಾರದಾದರೂ ಡಬ್ಬಿ ಇದ್ದರೆ ಕೆಳಗಿಳಿಸಿ, ಧೂಳು ಒರೆಸಿ, ಅವರ ಕೈಗೆ ಕೊಡಿರಿ. ಕೂಸನ್ನು ನಿಮ್ಮ ಕೈಗೆ ತೆಗೆದುಕೊಳ್ಳಿರಿ. ಒಂದು ಗಳಿಗೆ ಸಾಕು. ನಿಮ್ಮ ಮನೆಯ ತೊಟ್ಟಿಲು ತಣ್ಣಗಿರಲಿ.